ಆಯಿ ಜಗಳ ಬಿಟ್ಟಳು

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಬೆಳಗಾಗುವುದೆಂದರೆ ಆಯಿಯ ಬಾಯಿ ಶುರುವಾಗುವುದು. ಆಯಿ ಎಂದರೆ ಅಪ್ಪನ ತಾಯಿ. ಕೊಡದ ಮೇಲೆ ಮುಚ್ಚಳ ಯಾಕಿಲ್ಲ, ಒಲೆಯ ಬೂದಿ ಇನ್ನೂ ಯಾಕೆ ತೆಗೆದಿಲ್ಲ, ಈ ಹುಡುಗಿಯ ತಲೆ ಯಾಕೆ ಗುಬ್ಬಿಗೂಡಾಗಿದೆ. ಆ ಹುಡುಗಿ ನಾನೇ. ಅವ್ವ ಒಳಗಿನಿಂದ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು, ಮೆಲ್ಲಗೆ, ಆದರೆ ಕೇಳಿಸುವಷ್ಟು. ಜಗಳಕ್ಕೆ ವಿಷಯವೇನೂ ಬೇಕಿರಲಿಲ್ಲ, ಉಪ್ಪು ಸಾಕಿತ್ತು. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅವ್ವನ ತವರು ಮಾನೋಪಾಡಿನ ಇಡೀ ಓಣಿ ನಮ್ಮ ಅಡುಗೆಮನೆಗೆ ಬಂದು ಬೈಸಿಕೊಂಡು ಹೋಗಬೇಕಾಗುತ್ತಿತ್ತು. ಇಬ್ಬರೂ ಹೀಗೆ ಮಧ್ಯಾಹ್ನದವರೆಗೆ ಕಿತ್ತಾಡಿ, ಊಟವಾದ ಮೇಲೆ ಒಬ್ಬರ ತಲೆಯ ಹೇನು ಇನ್ನೊಬ್ಬರು ನೋಡುತ್ತ ಕೂತಿರುತ್ತಿದ್ದರು. ನನಗೂ ಆಯಿಯ ಆ ಬಾಯಿಯೇ ಬಂದಿದೆ. ಬೇಕಾದರೆ ನನ್ನ ಗಂಡನನ್ನು ಕೇಳಿ, ಹೇಳುತ್ತಾರೆ, ಪಾಪ, ನಡುವೆ ಸಂದಿ ಸಿಕ್ಕರೆ.

ಮನೆ ದೊಡ್ಡದೇನಲ್ಲ. ಬೀದಿಗೆ ಪಡಸಾಲೆ, ಅದರ ಹಿಂದೆ ಮಗ್ಗದ ಕೋಣೆ, ಅದರ ಪಕ್ಕಕ್ಕೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರ ಜಗಲಿ. ಹಿತ್ತಲಲ್ಲಿ ಕಟ್ಟಿಗೆ ಒಟ್ಟಲು ಒಂದು ತಗಡಿನ ಚಪ್ಪರ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ತೀರಾ ಚಿಕ್ಕವಳಿದ್ದಾಗ ಅಪ್ಪ ನೆಲದಿಂದಲೇ ಬೆಳೆದಿದ್ದಾನೆ ಎಂದು ನಂಬಿದ್ದೆ. ನೇಕಾರರ ಮನೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಹಾಕುವ ನೂಲಿಗೆ ಹಾಸು ಎನ್ನುತ್ತಾರೆ. ಕೊನೆಯ ಸೀರೆ ನೇಯ್ದು ಇಳಿಸಿದಾಗ ಹಳೆಯ ಹಾಸನ್ನು ಪೂರಾ ಕಿತ್ತು ತೆಗೆಯುವುದಿಲ್ಲ. ಅದರ ತುದಿಗಳನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಹಾಗೆ ನೋಡಿದರೆ ನಮ್ಮ ಮುತ್ಯಾ, ಆಯಿಯ ಗಂಡ, ಆ ಕುಣಿ ತೋಡಿದ ದಿನದಿಂದ ಅದೇ ಎಳೆ ನಡೆದುಕೊಂಡು ಬಂದಿತ್ತು. ಅಪ್ಪನಿಗೆ ಇದೊಂದು ದೊಡ್ಡ ಹೆಮ್ಮೆ. ಹೊಸ ಹಾಸು ಬಂದಾಗ ದಡಿಯ ಕಡೆಯ ಮೊದಲ ಎಳೆಯನ್ನು ಮನೆಯ ಹಿರಿಯ ಹೆಣ್ಣುಮಗಳು ಕೂಡಿಸುವುದು ನಮ್ಮ ಮನೆಯ ಪದ್ಧತಿ. ಜಗಲಿಯ ಮೇಲಿನ ವಿಭೂತಿ ಬೆರಳಿಗೆ ಹಚ್ಚಿಕೊಂಡು, ಶಿವನ ಹೆಸರು ಹೇಳಿ, ಎರಡು ತುದಿಗಳನ್ನು ಹೊಸೆಯಬೇಕು. ಅಲ್ಲಿಂದಾಚೆಗೆ ಎಲ್ಲರೂ ಕೈ ಹಚ್ಚಬಹುದು. ಮುತ್ಯಾ ತೀರಿಕೊಂಡ ಮೇಲೂ ಆ ಮೊದಲ ಎಳೆ ಆಯಿಯ ಕೈ ಬಿಟ್ಟಿರಲಿಲ್ಲ. ಆಯಿ ಎಡಚಿ. ಅವಳು ಹೊಸೆದ ದೀಪದ ಬತ್ತಿಯ ತಿರುವು ಕೂಡ ಊರಿಗೆಲ್ಲ ಉಲ್ಟಾ ಇರುತ್ತಿತ್ತು, ಅದಕ್ಕೆ ಅವ್ವ ನಗುತ್ತಿದ್ದಳು, ಆ ನಗುವಿಗೂ ಒಂದು ಜಗಳ ಆಗುತ್ತಿತ್ತು.

ಆಯಿಯ ಮಡಿ ಮಾತ್ರ ನಗುವ ವಿಷಯವಲ್ಲ. ಯಾರು ಮುಟ್ಟಿದ ನೀರು, ಯಾರ ನೆರಳು ಬಿದ್ದ ಹಿಟ್ಟು ಎಂದು ಅವಳಿಗೆ ದಿನವಿಡೀ ಅದೇ ಲೆಕ್ಕಾಚಾರ. ಬೀದಿಯಲ್ಲಿ ಸೀತಾಫಲ ಮಾರುವವಳು ಬುಟ್ಟಿ ಇಳಿಸಿದರೆ, ಹಣ್ಣನ್ನು ನೆಲಕ್ಕೆ ಇಡಿಸಿ, ನೀರು ಚಿಮುಕಿಸಿ ಒಳಗೆ ತರುತ್ತಿದ್ದಳು. ನಾನು ಓಣಿಯಲ್ಲಿ ಯಾರ ಮನೆಯಲ್ಲಾದರೂ ಒಂದು ತುತ್ತು ತಿಂದು ಬಂದೆನೆಂದರೆ ಮುಗಿಯಿತು, ಬಾವಿಯ ನೀರೆಲ್ಲ ನನ್ನ ತಲೆಯ ಮೇಲೆ.

ನಾನು ಶಾಲೆಗೆ ಹೋಗಲು ಶುರು ಮಾಡಿದ ಕಾಲಕ್ಕೆ ಆಯಿಯ ಎರಡೂ ಕಣ್ಣಿಗೆ ಪೊರೆ ಬಂತು. ಮಕ್ತಲಕ್ಕೆ ಮದುವೆ ಮಾಡಿಕೊಟ್ಟಿದ್ದ ಅಪ್ಪನ ತಂಗಿ, ನನ್ನ ಸೋದರತ್ತಿ, ಗದ್ವಾಲದಲ್ಲಿ ಕ್ರೈಸ್ತರ ದವಾಖಾನೆ ಇದೆ, ಕಣ್ಣಿಗೆ ಚಲೋ ನೋಡುತ್ತಾರೆ ಎಂದು ಹಟ ಹಿಡಿದು ಕರೆದುಕೊಂಡು ಹೋದಳು. ಈಗಿನ ಹಾಗಲ್ಲ ಆಗ. ಹೋದ ವರ್ಷ ಅದೇ ಗದ್ವಾಲದಲ್ಲಿ ನನ್ನ ಪೊರೆ ತೆಗೆದರು, ಚಹಾ ಕುಡಿಯುವಷ್ಟರಲ್ಲಿ ಮುಗಿದು ಆಟೋದಲ್ಲಿ ಮನೆಗೆ ಬಂದೆ. ಆಯಿಯ ಕಾಲದಲ್ಲಿ ಕಣ್ಣಿಗೆ ಪಟ್ಟಿ ಬಿಗಿದು, ತಲೆ ಅಲುಗಾಡಿಸಬಾರದೆಂದು ಅಂಗಾತ ಮಲಗಿಸಿಬಿಡುತ್ತಿದ್ದರು. ಸೋದರತ್ತಿ ಜೊತೆಗಿದ್ದು ಉಣಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮಕ್ತಲದಿಂದ ಅವಳ ಕೂಸಿಗೆ ಜ್ವರವೆಂದು ಕರೆ ಬಂತು. ಪಕ್ಕದ ಮಂಚದ ಹೆಂಗಸಿಗೆ ಸ್ವಲ್ಪ ನೋಡಿಕೊಳ್ಳಿರೆಂದು ಹೇಳಿ ಅವಳು ಹೊರಟುಹೋದಳು.

ಪಕ್ಕದ ಮಂಚದವಳು ಧರೂರಿನ ಕಡೆಯ ಸುವಾರ್ತಮ್ಮ. ಆಯಿಯಷ್ಟೇ ವಯಸ್ಸಾದವಳು, ಅವಳದೂ ಕಣ್ಣಿನದೇ ತೊಂದರೆ, ಆದರೆ ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ದರು. ಮೂರು ಹೊತ್ತೂ ಅವಳು ಆಯಿಯ ತಲೆಯ ಬಳಿ ಕೂತು ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು. ಅವಳು ತೆಲುಗಿನಲ್ಲಿ ಮಾತಾಡುತ್ತಿದ್ದಳು, ಆಯಿ ಕನ್ನಡದಲ್ಲಿ. ಉಂಡಾದ ಮೇಲೆ ಸುವಾರ್ತಮ್ಮ ಕೈ ಮುಗಿದು, ಯೇಸುಸ್ವಾಮಿಗೆ ಆಯಿಯ ಕಣ್ಣಿನ ಸುದ್ದಿ ಹೇಳಿ ಮಲಗುತ್ತಿದ್ದಳಂತೆ. ಪಟ್ಟಿ ಬಿಚ್ಚಿದ ದಿನ ಆಯಿ ಮೊದಲು ನೋಡಿದ್ದು ಆ ಮುಖ. ಕುಲ ಯಾವುದೆಂದು ತಿಳಿಯಲು ಅವಳಿಗೆ ತಡವಾಗಲಿಲ್ಲ, ನಮ್ಮ ಓಣಿಯೊಳಗೇ ಬಿಟ್ಟುಕೊಳ್ಳದ ಕೇರಿಯವಳು ಅವಳು. ಆಯಿ ತುತ್ತು ಹಿಡಿದ ಆ ಕೈಯನ್ನೇ ನೋಡಿದಳಂತೆ. ಸುವಾರ್ತಮ್ಮ ಅಂಜಿ, ತುತ್ತು ಕೈಯಲ್ಲೇ ಹಿಡಿದು ಹಿಂದೆ ಸರಿದಳಂತೆ. ಆಗ ಆಯಿ ಬಾಯಿ ತೆರೆದಳಂತೆ, ಬೈಯಲು ಅಲ್ಲ, ಉಣ್ಣಲು. ಇದನ್ನು ಆಯಿಯೇ ನನಗೆ ಹೇಳಿದ್ದು, ಎಷ್ಟೋ ಸಲ.

“ಕಣ್ಣು ಕಟ್ಟಿದಾಗ ರುಚಿ ಇತ್ತವ್ವ. ಕಣ್ಣು ಬಂದಮ್ಯಾಲ ಅದ ತುತ್ತು ಹೆಂಗ ಕೆಡತೈತಿ?”

ಗದ್ವಾಲದಿಂದ ಬಂದ ಆಯಿ ಬೇರೆಯೇ ಆಯಿ. ದಪ್ಪ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಬೀದಿ ನೋಡುತ್ತ ನಗುತ್ತಿದ್ದಳು. ಬೆಳಗಾದರೂ ಮನೆಯಲ್ಲಿ ದನಿಯಿಲ್ಲ. ಮೊದಮೊದಲು ಅವ್ವನಿಗೆ ಆರಾಮೆನಿಸಿತು. ಆಮೇಲೆ ಅನುಮಾನ ಬಂತು. ಆಮೇಲೆ ಭಯವಾಯಿತು. ಅತ್ತೆಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದಳು. ಒಂದು ಮಧ್ಯಾಹ್ನ ಬೇಕೆಂದೇ ನುಚ್ಚಿಗೆ ಎರಡು ಪಟ್ಟು ಉಪ್ಪು ಹಾಕಿ ಆಯಿಯ ಮುಂದಿಟ್ಟಳು. ನಾನು ಅಲ್ಲೇ ಇದ್ದೆ. ಆಯಿ ಒಂದು ತುತ್ತು ತಿಂದಳು, ನೀರು ಕುಡಿದಳು, ಇನ್ನೊಂದು ತುತ್ತು ತಿಂದಳು, ಸ್ವಲ್ಪ ಮಜ್ಜಿಗೆ ಇದ್ದರೆ ಹಾಕು ತಾಯಿ ಅಂದಳು. ಆ ‘ತಾಯಿ’ ಅಂದದ್ದೇ ಅವ್ವನಿಗೆ ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಬೈರಿ ಅತ್ತಿ. ಒಂದು ಸಲ ಬೈರಿ ನನ್ನ. ನೀವು ಹಿಂಗ ಇದ್ರ ನನಗ ಈ ಮನ್ಯಾಗ ಇರಾಕ ಆಗಂಗಿಲ್ಲ.”

ಆಯಿ ಎಡಗೈಯಿಂದ ಅವಳ ತಲೆ ಸವರಿದಳು. ಬೈಗುಳ ಒಂದೂ ನೆನಪಾಗುತ್ತಿಲ್ಲವೆಂದು ಅವಳು ಹೇಳಿದಾಗ, ಅಷ್ಟೂ ನನಗೆ ನೆನಪಿವೆಯೆಂದು ನಾನೇ ಒಂದೆರಡು ಹೇಳಿಕೊಟ್ಟೆ. ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಮೂವರು ಹೆಂಗಸರು ಕೂಡಿ ನಕ್ಕದ್ದು ಅದೇ ಕೊನೆ.

ಯಾಕೆಂದರೆ ಆಮೇಲೆ ಸುದ್ದಿ ಹೊರಬಿತ್ತು. ಆಯಿ ಭಾನುವಾರ ಭಾನುವಾರ ಎಲ್ಲಿಗೆ ಹೋಗುತ್ತಾಳೆಂದು ಅಪ್ಪನಿಗೆ ಓಣಿಯವರು ಹೇಳಿದರು. ಊರಾಚೆಯ ಪ್ರಾರ್ಥನೆ ಮನೆಯಲ್ಲಿ, ಚಾಪೆಯ ಮೇಲೆ, ಆ ಜನರ ನಡುವೆ ಕೂಡುತ್ತಾಳೆ, ನೀರು ಹಾಕಿಸಿಕೊಂಡು ಅವರ ಮತ ಸೇರಿದ್ದಾಳೆ. ಅಪ್ಪ ಕೂಗಾಡಲಿಲ್ಲ. ಅವನಿಗೆ ಕೂಗಾಟ ಗೊತ್ತಿರಲಿಲ್ಲ, ಆ ಕೆಲಸ ಆಯಿಯೇ ಮಾಡುತ್ತಿದ್ದಳಲ್ಲ ಇಷ್ಟು ದಿನ. ಹಿರಿಯರು ಬಂದು ಪಡಸಾಲೆಯಲ್ಲಿ ಕೂತು, ನಿನ್ನ ಮಗ್ಗದ ಸೀರೆ ಯಾರು ಉಡಬೇಕು, ನಿನ್ನ ಮಗಳನ್ನು ಯಾರು ತರಬೇಕು ಎಂದು ಕೇಳಿ ಎದ್ದುಹೋದರು. ಅಪ್ಪ ಆಯಿಗೆ ಮೊದಲು ಅಡುಗೆಮನೆ ಬೇಡವೆಂದ. ಇರಲಿ ಬಿಡಪ್ಪ ಅಂದಳು. ಬಾವಿಯ ಹಗ್ಗ ಮುಟ್ಟಬೇಡವೆಂದ. ಇರಲಿ ಬಿಡು. ಕೊನೆಗೆ ಹಿತ್ತಲ ಚಪ್ಪರದ ಕಟ್ಟಿಗೆ ಸರಿಸಿ ಅಲ್ಲಿ ಅವಳಿಗೆ ಮಲಗಲು ಹೊರಸು ಹಾಕಿಸಿದ. ಅಲ್ಲಿ ಗಾಳಿ ಚಲೋ ಬರುತ್ತದೆ ಅಂದಳು. ಅವಳು ಒಂದು ಸಲವಾದರೂ ಎದೆ ಬಡಿದುಕೊಂಡು ಅತ್ತಿದ್ದರೆ, ಹೆತ್ತ ಹೊಟ್ಟೆಗೆ ಹೀಗೆ ಮಾಡ್ತೀಯೇನೋ ಎಂದು ಅಂಗಳಕ್ಕೆಲ್ಲ ಕೇಳುವಂತೆ ಕಿರುಚಿದ್ದರೆ, ಅಪ್ಪ ಸೋತು ಒಳಗೆ ಕರೆದುಬಿಡುತ್ತಿದ್ದನೇನೋ. ಮುಂಚಿನ ಆಯಿಯನ್ನು ಹೇಗೆ ನಿಭಾಯಿಸಬೇಕೆಂದು ಅವನಿಗೆ ಗೊತ್ತಿತ್ತು. ಈ ಆಯಿಯ ನೆಮ್ಮದಿ ಅವನಿಗೆ ಅವಮಾನದಂತೆ ಕಂಡಿತು.

ನನಗೆ ಚಪ್ಪರಕ್ಕೆ ಹೋಗಬೇಡವೆಂದು ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದರೂ ನಾನು ಕೇಳುವವಳಲ್ಲ. ಶಾಲೆ ಬಿಟ್ಟೊಡನೆ ಅಲ್ಲಿರುತ್ತಿದ್ದೆ. ಆಯಿ ರಾಟೆ ಇಟ್ಟುಕೊಂಡು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆ ಒಂದು ಕೆಲಸ ಅಪ್ಪ ಬೇಡವೆಂದಿರಲಿಲ್ಲ. ಸುತ್ತುತ್ತಲೇ ಅವಳ ಪ್ರಾರ್ಥನೆ. ಅಲ್ಲಿಯವರದೆಲ್ಲ ತೆಲುಗು ಪ್ರಾರ್ಥನೆ, ಇವಳದು ಮಾತ್ರ ನಮ್ಮ ಮನೆಮಾತಿನಲ್ಲಿ, ಪಕ್ಕದ ಮನೆಯವರ ಜೊತೆ ಗೋಡೆಯ ಮೇಲಿಂದ ಮಾತಾಡಿದ ಹಾಗೆ. ಸ್ವಾಮಿ, ಮೊಣಕಾಲು ಇವತ್ತು ಭಾಳ ನೋಯ್ತಾವ, ನಿನಗ ಗೊತ್ತ ಐತಿ. ಸ್ವಾಮಿ, ಈ ಹುಡುಗಿಗೆ ಲೆಕ್ಕ ತಲೀಗೆ ಹತ್ತವಲ್ದು, ಸ್ವಲ್ಪ ನೋಡು. ಸಿಟ್ಟು ಬರುವುದೇ ಇಲ್ಲವೇನು ನಿನಗೆ ಎಂದು ನಾನೊಮ್ಮೆ ಕೇಳಿದೆ.

“ಬರತೈತಿ. ಬಂದು ಬಾಗಲದಾಗ ನಿಂದರತೈತಿ. ಬಾ, ಕುಂದ್ರು ಅಂತ ನಾ ಅನ್ನಂಗಿಲ್ಲ, ಅಷ್ಟ. ನೋಡವ್ವ, ನಾ ಇಷ್ಟು ವರ್ಷ ಬರೇ ಹೊಲಸು ಹುಡುಕ್ಕೋತ ಬದುಕಿದೆ. ಯಾರ ಕೈ ಹೊಲಸು, ಯಾರ ನೀರು ಹೊಲಸು. ಭಾಳ ದಣಿದಿದ್ದೆ. ಆ ಸ್ವಾಮಿ ಸಾಕು ಕುಂದ್ರು ಅಂದ.”

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವ ವಯಸ್ಸೂ ಅಲ್ಲ. ಈಗ ಅವಳ ಆಗಿನ ವಯಸ್ಸು ನನಗಾಗಿದೆ, ಅರ್ಥವಾಗುತ್ತದೆ, ಆದರೆ ಆ ‘ಸಾಕು ಕುಂದ್ರು’ ಅನ್ನುವ ದನಿ ನನ್ನ ಕಿವಿಗೆ ಬಿದ್ದಿಲ್ಲ. ಬೀಳಲೆಂದು ಸುವಾರ್ತಮ್ಮನ ಕಡೆಯ ಧರೂರಿನ ಪ್ರಾರ್ಥನೆ ಮನೆಗೆ ಒಮ್ಮೆ ಹೋಗಿ ಹಿಂದಿನ ಸಾಲಲ್ಲಿ ಕೂತು ಬಂದೆ. ಜನ ಚಹಾ ಕೊಟ್ಟರು, ಚಲೋ ಮಾತಾಡಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರನ ಜೊತೆ ಜಗಳವಾಡಿದೆ.

ಆಯಿ ಚಪ್ಪರ ಸೇರಿದ ವರ್ಷವೇ ಹೊಸ ಹಾಸು ಬಂತು. ಬೇರೆ ಎಲ್ಲದಕ್ಕೂ ‘ಇರಲಿ ಬಿಡು’ ಅಂದಿದ್ದ ಆಯಿ ಅಂದು ಬೆಳಿಗ್ಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು, ಮಗ್ಗದ ಕೋಣೆಯ ಹಿಂಬಾಗಿಲ ಹೊಸ್ತಿಲ ಹೊರಗೆ ಬಂದು ನಿಂತಳು. ಒಳಗೆ ಅಪ್ಪ ಹಾಸಿನ ಎಳೆಗಳನ್ನು ಬಿಡಿಸಿ ಸಿದ್ಧಮಾಡುತ್ತಿದ್ದ. ಅವ್ವ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದಳು. ನಾನು ಅವ್ವನ ಸೆರಗು ಹಿಡಿದಿದ್ದೆ. ಆಯಿ ಏನಾದರೂ ಕೇಳಿದ್ದನ್ನು ಚಪ್ಪರಕ್ಕೆ ಹೋದ ಮೇಲೆ ನಾನು ಕಂಡದ್ದು ಅದೊಂದೇ ಸಲ.

“ಆ ಒಂದು ಎಳಿ ನನಗ ಬಿಡಪ್ಪ. ಮತ್ತೇನೂ ಕೇಳಂಗಿಲ್ಲ.”

ಅಪ್ಪ ತಲೆ ಎತ್ತಲಿಲ್ಲ. “ವಿಭೂತಿ ಹಚ್ಚಿಕೊಂಡು ಶಿವನ ಹೆಸರು ಹೇಳು. ಒಂದ ಸಲ. ಹೇಳಿದಿ ಅಂದ್ರ ಎಳಿನೂ ನಿಂದ, ಮನಿನೂ ನಿಂದ. ಅಡಗಿಮನ್ಯಾಗ ಹೋಗಿ ಕುಂದ್ರು. ಯಾರ ಏನಂತಾರ ನಾ ನೋಡ್ಕೋತೀನಿ.”

ಬೇಡಿಕೊಳ್ಳುತ್ತಿದ್ದವನು ಅವನೇ. ಹೇಳಿಬಿಡು ಆಯಿ, ಹೇಳಿಬಿಡು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಎರಡೇ ಅಕ್ಷರದ ಹೆಸರು. ಹುಟ್ಟಿದಾಗಿನಿಂದ ಹೇಳಿದ ಹೆಸರು.

“ಆ ಹೆಸರಿನ ಮ್ಯಾಲ ನನಗೇನೂ ಸಿಟ್ಟಿಲ್ಲಪ್ಪ,” ಅಂದಳು ಆಯಿ. “ನೀ ಹೇಳ್ಕೊ, ನಾ ಎಳಿ ಕೂಡಿಸ್ತೀನಿ. ಆದ್ರ ಬಾಯಾಗ ಒಂದು, ಎದ್ಯಾಗ ಒಂದು ಇಟ್ಕೊಂಡು ಹೆಂಗ ಹೊಸೀಲಿ? ಅದು ನಿಲ್ಲಂಗಿಲ್ಲ.”

ಅಪ್ಪ ಅವ್ವನ ಕಡೆ ಕೈ ಮಾಡಿ, ನೀನೇ ಕೂಡಿಸು ಅಂದ. ಆಯಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಚಪ್ಪರಕ್ಕೆ ಹೋದಳು. ಅಂದು ರಾಟೆಯ ಸದ್ದು ಬರಲಿಲ್ಲ. ನೆಮ್ಮದಿ ಸಿಕ್ಕವರಿಗೆ ನೋವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನಾನು ನೋಡಿದ್ದೇನೆ.

ಅವ್ವ ಕುಣಿಯ ಮುಂದೆ ಕೂತಳು. ಬೆರಳಿಗೆ ವಿಭೂತಿ ಹಚ್ಚಿಕೊಂಡಳು. ತುದಿಗಳನ್ನು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕೈ ಬೆವರುತ್ತಿದೆ, ತೊಳೆದುಕೊಂಡು ಬಂದು ಕೂಡಿಸುತ್ತೇನೆ, ನೀವು ಊಟ ಮಾಡಿರಿ ಎಂದು ಅಪ್ಪನನ್ನು ಎಬ್ಬಿಸಿದಳು. ಅಪ್ಪ ಅಡುಗೆಮನೆಯಲ್ಲಿ ರೊಟ್ಟಿಗೆ ಕೂತದ್ದೇ ತಡ, ಅವ್ವ ಹಿಂಬಾಗಿಲಿನಿಂದ ಹೊರಗೆ ಹೋಗಿ ಆಯಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು, ಅಪ್ಪ ಎದ್ದರೆ ಕೆಮ್ಮಬೇಕೆಂದು. ವರ್ಷಗಟ್ಟಲೆ ಕಿತ್ತಾಡಿದ ಇಬ್ಬರೂ ಒಂದು ಮಾತಿಲ್ಲದೆ ಹಾಸಿನ ಮುಂದೆ ಬಗ್ಗಿದರು. ಶಿವನ ಹೆಸರು ಅವ್ವ ಹೇಳಿದಳು. ಆಯಿ ವಿಭೂತಿ ಬಿಟ್ಟು, ಅವ್ವ ತಂದಿಟ್ಟಿದ್ದ ಒಲೆಯ ಬೂದಿಯಲ್ಲಿ ಬೆರಳದ್ದಿ, ತನ್ನಷ್ಟಕ್ಕೆ ತುಟಿ ಅಲುಗಾಡಿಸಿ, ಎಳೆ ಹೊಸೆದಳು. ಅಪ್ಪ ಅಡುಗೆಮನೆಯಲ್ಲಿ ಇನ್ನೊಂದು ರೊಟ್ಟಿ ತಾನೇ ಹಾಕಿಕೊಂಡು ನಿಧಾನಕ್ಕೆ ತಿನ್ನುತ್ತಿದ್ದ. ನನಗೆ ಕೆಮ್ಮುವ ಪ್ರಸಂಗ ಬರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಹಾಸಿಗೂ ಹೀಗೆಯೇ. ಯಾಕೆ ಹಾಗೆ ಮಾಡುತ್ತೀ ಎಂದು ಕೇಳಿದರೆ, ನಿಮ್ಮ ಆಯಿ ಕೈ ಹಚ್ಚದೆ ಇದ್ದರೆ ಎಳೆ ಹರಿಯುತ್ತದೆ ಎಂದು ನನಗೆ ಭಯ ಎನ್ನುತ್ತಿದ್ದಳು ಅವ್ವ. ಅದು ಪೂರ್ತಿ ನಿಜವಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅಪ್ಪನಿಗೆ ತಿಳಿದರೆ ಏನಾಗುತ್ತದೋ ಎಂಬ ಭಯ ಮಾತ್ರ ಪೂರ್ತಿ ನಿಜ. ಹೊಸ ಹಾಸು ಬರುತ್ತದೆಂದು ತಿಳಿದೊಡನೆ ಅವಳಿಗೆ ನಿದ್ದೆ ಹೋಗುತ್ತಿತ್ತು. ಪ್ರತಿ ಸಲವೂ ಅಪ್ಪ ಊಟಕ್ಕೆ ಏಳುತ್ತಿದ್ದ, ಪ್ರತಿ ಸಲವೂ ಇನ್ನೊಂದು ರೊಟ್ಟಿ ಹಾಕಿಕೊಳ್ಳುತ್ತಿದ್ದ.

ಆಯಿ ಆ ಚಪ್ಪರದಲ್ಲೇ ತೀರಿಕೊಂಡಳು, ಒಂದು ಮಧ್ಯಾಹ್ನ, ಕಂಡಿಕೆ ಸುತ್ತುತ್ತ. ರಾಟೆ ನಿಂತದ್ದು ಅವ್ವನಿಗೆ ಒಳಗೆ ಕೇಳಿಸಿತು. ಪ್ರಾರ್ಥನೆ ಮನೆಯವರು ಬಂದು ಎತ್ತಿಕೊಂಡು ಹೋದರು. ಧರೂರಿನಿಂದ ಸುವಾರ್ತಮ್ಮ ಬಸ್ಸು ಹಿಡಿದು ಬಂದಿದ್ದಳು. ಅವಳು ಅಂಗಳದಲ್ಲಿ ನಿಂತಿದ್ದಾಗ ಅವ್ವ ಒಂದು ಚೊಂಬು ನೀರು ತಂದು ಅವಳ ಕೈಗೇ ಕೊಟ್ಟಳು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಅಪ್ಪ ಹೆಗಲು ಕೊಡಲಿಲ್ಲ. ಅವರು ರಸ್ತೆಯ ಆ ಬದಿಗೆ ಹಾಡುತ್ತ ನಡೆದರೆ, ಅಪ್ಪ ಈ ಬದಿಗೆ ಒಬ್ಬನೇ, ಬೇರೆ ಯಾವುದೋ ಕೆಲಸಕ್ಕೆ ಹೊರಟವನ ಹಾಗೆ ನಡೆದ. ಅವರ ಸ್ಮಶಾನದ ಗೇಟಿನ ಹೊರಗೆ ನಿಂತ. ಮಣ್ಣು ಹಾಕಲು ಒಳಗೆ ಹೋಗಲಿಲ್ಲ. ಮನೆಗೆ ಬಂದವನು ನೇರ ಹೋಗಿ ಕುಣಿಯಲ್ಲಿ ಕೂತ, ಆದರೆ ಲಾಳಿ ಓಡಿಸಲಿಲ್ಲ.

ಅವ್ವ ಅಪ್ಪನಿಗಿಂತ ಮೊದಲು ಹೋದಳು. ಕೊನೆಯ ದಿನಗಳಲ್ಲಿ ಅವಳು ನನ್ನ ಕೈ ಹಿಡಿದು, ಆ ಎಳೆಯ ವಿಷಯ ನಿಮ್ಮಪ್ಪನಿಗೆ ಹೇಳಬೇಡ, ಅವರು ನೊಂದುಕೊಳ್ಳುತ್ತಾರೆ ಎಂದಿದ್ದಳು. ನಾನು ಹೇಳಲಿಲ್ಲ. ಅಪ್ಪನಿಗೆ ಕಾಲು ಸೋತ ಮೇಲೆ ಮಗ್ಗ ನಿಂತಿತು. ಅದೇ ಕೋಣೆಯಲ್ಲಿ, ಮಗ್ಗದ ಪಕ್ಕದಲ್ಲೇ ಅವನ ಮಂಚ. ನಾನು ಮದುವೆಯಾಗಿ ಬಂದಿದ್ದ ಗದ್ವಾಲದಿಂದ ಹೋಗಿ ಬಂದು ನೋಡಿಕೊಳ್ಳುತ್ತಿದ್ದೆ. ನೆಮ್ಮದಿ ಎಂಬುದು ಅವನಿಗೆ ಯಾವ ದೇವರಿಂದಲೂ ಬಂದಿರಲಿಲ್ಲ. ವಿಭೂತಿ ತಪ್ಪಿಸಿದವನಲ್ಲ, ಆದರೂ ಮಲಗಿದಲ್ಲೇ ಹೊರಳಾಡುತ್ತಿದ್ದ. ಒಂದು ದಿನ ನಾನು ಕೈಯಿಂದ ಉಣಿಸುತ್ತಿದ್ದಾಗ, ಬಾಯಿಗಿಟ್ಟ ತುತ್ತನ್ನು ನುಂಗಿ, ಮಗ್ಗದ ಕಡೆ ನೋಡಿದ. ಹಳೆಯ ಹಾಸಿನ ತುದಿಗಳು ಇನ್ನೂ ಅದರಲ್ಲೇ ಇದ್ದವು, ಧೂಳು ಹಿಡಿದು.

“ನಿಮ್ಮಾಯಿ ಕೂಡಿಸಿದ ಮೊದಲ ಎಳಿ ಒಂದ ಸಲಾನೂ ಹರೀಲಿಲ್ಲ ನೋಡು,” ಅಂದ.

ಯಾವ ಎಳಿ ಯಪ್ಪಾ ಅಂದೆ, ಏನೂ ತಿಳಿಯದವಳ ಹಾಗೆ.

“ನಿಮ್ಮವ್ವ ನನಗ ಊಟಕ್ಕ ಎಬ್ಬಿಸಿ ನಿಮ್ಮಾಯಿ ಕಡಿಂದ ಕೂಡಿಸಿದ್ದು. ಎಡಗೈದು ಅದು, ತಿರುವು ಉಲ್ಟಾ ಇರತಿತ್ತು. ನೇಯುವಾಗ ಬೆರಳಿಗೆ ಸಿಗತಿತ್ತು. ಮೊದಲನೇ ಹಾಸಿಲಿಂದ ಗೊತ್ತು ನನಗ.”

ನನಗೆ ಸಿಟ್ಟು ಬಂತು. ಬಾಗಿಲಲ್ಲಿ ನಿಲ್ಲಲಿಲ್ಲ ಅದು, ನೇರ ಒಳಗೇ ಬಂತು. ಅವ್ವ ಎಷ್ಟು ವರ್ಷ ಅಂಜಿ ಸತ್ತಳು. ಆಯಿ ಎಷ್ಟು ಮಳೆಗಾಲ ಆ ತಗಡಿನ ಕೆಳಗೆ ಮಲಗಿದಳು. ಮೂವರಿಗೂ ಒಂದೇ ಎಳೆ ಬೇಕಾಗಿತ್ತು, ಅವರಿಬ್ಬರೂ ಅಪ್ಪನಿಂದ, ಅಪ್ಪ ಅವರಿಬ್ಬರಿಂದ ಅದನ್ನು ಬಚ್ಚಿಟ್ಟು ಬದುಕಿದರು.

“ಗೊತ್ತಿದ್ರ ಒಳಗ ಕರೀಬೇಕಿತ್ತಲ್ಲ ಯಪ್ಪಾ.”

ನಾನು ಇನ್ನೊಂದು ತುತ್ತು ಕಲಸಿ ಬಾಯಿಯ ಹತ್ತಿರ ಹಿಡಿದೆ. ಅವನು ಬಾಯಿ ತೆರೆಯಲಿಲ್ಲ.

“ಕರೀಬೇಕಿತ್ತು,” ಅಂದ. “ಒಂದ ರೊಟ್ಟಿ ಹೆಚ್ಚಿಗೆ ಉಣ್ಣೋದು, ಅಷ್ಟ ಆತು ನನ್ನ ಕಡಿಂದ.”